ಹಳೆಯ ಕಾರಿನ ಮೈಗೆ ಒಪ್ಪುವಂತೆ ನಂಬರ್ ಪ್ಲೇಟ್ ಕೂರಿಸುವುದು ಹೇಗೆ

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ‘ಅಪ್ಪನ ಕಾಲದ ಪದ್ಮಿನಿ ಇದೆ, ಮೊದಲಿದ್ದ ಹಾಗೆ ಕಪ್ಪು ಫಲಕದ ಮೇಲೆ ಬಿಳಿ ಅಕ್ಷರ ಬರೆಸಬಹುದೇ?’ ‘ಅಂಬಾಸಿಡರ್‌ನ ಡಿಕ್ಕಿಯ ಮೇಲೆ ಉದ್ದದ ಹೊಸ ಪ್ಲೇಟ್ ಕೂರುತ್ತಿಲ್ಲ, ಎರಡೂ ತುದಿ ಕತ್ತರಿಸಿದರೆ ಆಗುತ್ತದೆಯೇ?’ ‘ಕ್ರೋಮ್ ಬಂಪರ್‌ಗೆ ತೂತು ಕೊರೆಯದೆ ಬೇರೆ ದಾರಿಯೇ ಇಲ್ಲವೇ?’ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ.

ರಸ್ತೆಯ ಮೇಲೆ ಕಪ್ಪು ಫಲಕ ನಡೆಯುವುದಿಲ್ಲ. ಕತ್ತರಿಸುವುದು ತಪ್ಪು. ಬಂಪರ್ ಕೊರೆಯುವ ಅಗತ್ಯ ಬಹುಪಾಲು ಇರುವುದಿಲ್ಲ. ಫಲಕದ ಬಣ್ಣ, ಅಕ್ಷರ, ಅಳತೆ ಎಲ್ಲವೂ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನಿಗದಿಯಾಗಿರುವ ಸಂಗತಿಗಳು. ಆ ಫಲಕವನ್ನು ಹಿಡಿದು ನಿಲ್ಲಿಸುವ ಬ್ರಾಕೆಟ್ ಹೇಗಿರಬೇಕೆಂದು ತೀರ್ಮಾನಿಸುವವರು ಮಾತ್ರ ನೀವೇ. ಹಳೆಯ ಕಾರಿನವರು ತಮ್ಮ ಜಾಣ್ಮೆಯನ್ನೆಲ್ಲ ಫಲಕದ ಮೇಲೆ ತೋರಿಸಿ ದಂಡ ಕಟ್ಟುತ್ತಾರೆ. ಬ್ರಾಕೆಟ್ಟನ್ನು ಮಾತ್ರ ಯಾರೋ ಹುಡುಗ ಹತ್ತು ನಿಮಿಷದಲ್ಲಿ ಬಗ್ಗಿಸಿ ಕೊಟ್ಟರೆ ಸಾಕು ಎಂದುಕೊಳ್ಳುತ್ತಾರೆ. ಅದು ತಿರುವು ಮುರುವು ಆಗಬೇಕು.

ಕಪ್ಪು ಫಲಕದ ಗೊಂದಲ

ಈ ಶತಮಾನದ ಆರಂಭದವರೆಗೂ ನಮ್ಮಲ್ಲಿ ಖಾಸಗಿ ವಾಹನಗಳಿಗೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವೇ ಇದ್ದುದು. ಹಳೆಯ ಫೋಟೊಗಳಲ್ಲಿ ಎಂವೈ, ಎಂಇ, ಸಿಎ ಎಂದು ಶುರುವಾಗುವ ಮೂರಕ್ಷರದ ನಂಬರುಗಳು ಅಷ್ಟು ಸೊಗಸಾಗಿ ಕಾಣುವುದು ಆ ಕಪ್ಪಿನಿಂದಲೇ. ಕೆಎ ಎಂಬ ಎರಡಕ್ಷರ ಬಂದದ್ದು 1989ರ ನಂತರ. ಈಗಿನ ನಿಯಮ 50ರ ಪ್ರಕಾರ ಖಾಸಗಿ ವಾಹನಕ್ಕೆ ಬಿಳಿಯ ಮೇಲೆ ಕಪ್ಪು, ಬಾಡಿಗೆ ಮತ್ತು ಸಾಗಣೆ ವಾಹನಕ್ಕೆ ಹಳದಿಯ ಮೇಲೆ ಕಪ್ಪು. ಕಪ್ಪಿನ ಮೇಲೆ ಹಳದಿ ಅಕ್ಷರ ಕಂಡರೆ ಅದು ಚಾಲಕರಿಲ್ಲದೆ ಬಾಡಿಗೆಗೆ ಕೊಡುವ ಕಾರು ಎಂದರ್ಥ. ಶೋಕಿಗೆಂದು ಆ ಬಣ್ಣ ಹಾಕಿಸಿದರೆ ನಿಮ್ಮ ತಾತನ ಹೆರಾಲ್ಡ್ ಕಾರು ಬಾಡಿಗೆ ಕಾರಾಗಿಬಿಡುತ್ತದೆ.

ಬ್ರಿಟನ್ನಿನ ವಿಡಿಯೊಗಳನ್ನು ನೋಡಿ ‘ಅಲ್ಲಿ ಹಳೆಯ ಕಾರುಗಳಿಗೆ ಕಪ್ಪು ಪ್ಲೇಟ್ ಇದೆಯಲ್ಲ’ ಎನ್ನುವವರಿದ್ದಾರೆ. ಇದೆ, ನಿಜ. 1980ಕ್ಕಿಂತ ಮುಂಚೆ ತಯಾರಾಗಿ, ಅಲ್ಲಿನ ತೆರಿಗೆ ದಾಖಲೆಯಲ್ಲಿ ಐತಿಹಾಸಿಕ ವಾಹನ ಎಂದು ಸೇರಿದ ಕಾರುಗಳಿಗೆ ಅಲ್ಲಿನ ಕಾನೂನು ಆ ರಿಯಾಯಿತಿ ಕೊಟ್ಟಿದೆ. ಅದು ಅಲ್ಲಿಯ ಕಾನೂನು. ಸಿಗ್ನಲ್ಲಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದಾಗ ಆ ವಿಡಿಯೊ ತೋರಿಸಿ ಪ್ರಯೋಜನವಿಲ್ಲ.

ಇನ್ನು ಕನ್ನಡ ಅಂಕಿಗಳ ವಿಚಾರ. ನನಗೂ ಇಷ್ಟವೇ, ೧೯೭೨ ಎಂದು ಬರೆದರೆ ಕಣ್ಣಿಗೆ ಹಬ್ಬ. ಆದರೆ ನೋಂದಣಿ ಸಂಖ್ಯೆಯ ಅಕ್ಷರಗಳು ಇಂಗ್ಲಿಷಿನಲ್ಲೂ ಅಂಕಿಗಳು 1, 2, 3ರ ರೂಪದಲ್ಲೂ ಇರಬೇಕೆಂದು ನಿಯಮ ಬಿಡಿಸಿ ಹೇಳುತ್ತದೆ. ಕನ್ನಡದ ಫಲಕವನ್ನು ಮನೆಯ ಶೆಡ್ಡಿನ ಗೋಡೆಗೆ ಹಾಕಿ, ಪ್ರದರ್ಶನಕ್ಕೆ ಇಟ್ಟುಕೊಳ್ಳಿ. ಅದರ ವಿಧಾನವನ್ನು ಏಳನೆಯ ಹಂತದಲ್ಲಿ ಹೇಳಿದ್ದೇನೆ.

ಫಲಕ ನಿಯಮದಂತೆ ಇರದಿದ್ದರೆ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕಿದರೆ 1,500 ರೂಪಾಯಿವರೆಗೆ ದಂಡ. ಹಣ ದೊಡ್ಡದಲ್ಲ. ಆದರೆ ನಗರದ ಕ್ಯಾಮೆರಾಗಳು ಬಳ್ಳಿಬಳ್ಳಿಯ ಅಕ್ಷರವನ್ನು ತಪ್ಪಾಗಿ ಓದಿದರೆ ನಿಮ್ಮ ಸಿಗ್ನಲ್ ಜಿಗಿತದ ನೋಟಿಸು ಇನ್ನಾರದೋ ಮನೆಗೆ, ಅವರದು ನಿಮ್ಮ ಮನೆಗೆ. ಅದನ್ನು ಬಿಡಿಸುವ ಓಡಾಟಕ್ಕಿಂತ ದಂಡವೇ ಹಗುರ.

ನಾಲ್ಕು ಪದಗಳು ಗೊತ್ತಿರಲಿ

ಎಚ್‌ಎಸ್‌ಆರ್‌ಪಿ ಎಂದರೆ ಅತಿ ಸುರಕ್ಷಿತ ನೋಂದಣಿ ಫಲಕ. ಅಲ್ಯೂಮಿನಿಯಂ ತಗಡು, ಎಡ ಮೇಲ್ಮೂಲೆಯಲ್ಲಿ ಅಶೋಕ ಚಕ್ರದ ಹಾಲೊಗ್ರಾಮ್, ಅದರ ಕೆಳಗೆ ನೀಲಿಯಲ್ಲಿ ಐಎನ್‌ಡಿ, ಲೇಸರಿನಿಂದ ಕೊರೆದ ಗುರುತಿನ ಸಂಖ್ಯೆ, ಬೆಳಕು ಬಿದ್ದರೆ ಹೊಳೆಯುವ ಹಾಳೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳು ಇದರೊಂದಿಗೇ ಬರುತ್ತಿವೆ. ಅದಕ್ಕೂ ಹಿಂದಿನ ವಾಹನಗಳಿಗೂ ಇದು ಕಡ್ಡಾಯವೆಂದು ಕರ್ನಾಟಕದಲ್ಲಿ ಆದೇಶ ಹೊರಟದ್ದು 2023ರ ಆಗಸ್ಟಿನಲ್ಲಿ. ಗಡುವು ಎಷ್ಟು ಬಾರಿ ಮುಂದೆ ಹೋಯಿತೆಂಬುದು ನಿಮಗೂ ನೆನಪಿದ್ದೀತು.

ಸ್ನ್ಯಾಪ್ ಲಾಕ್ ಎಂದರೆ ಒಮ್ಮೆ ಒತ್ತಿದ ಮೇಲೆ ಬಿಚ್ಚಲು ಬಾರದ ಗುಂಡಿ. ಮುರಿದೇ ತೆಗೆಯಬೇಕು, ಮುರಿದದ್ದನ್ನು ಮತ್ತೆ ಬಳಸಲಾಗದು.

ವಾಹನ್ ಎಂದರೆ ದೇಶದ ವಾಹನಗಳ ನೋಂದಣಿ ವಿವರವಿರುವ ಕಂಪ್ಯೂಟರ್ ದಾಖಲೆ. ಹಳೆಯ ರಿಜಿಸ್ಟರ್ ಪುಸ್ತಕದಲ್ಲೇ ಉಳಿದುಹೋದ ವಾಹನದ ವಿವರವನ್ನು ಆರ್‌ಟಿಒ ಸಿಬ್ಬಂದಿ ಅದರೊಳಗೆ ಏರಿಸುವುದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ.

ಹಂತ 1: ಕಾನೂನಿನ ಕಣ್ಣಿಗೆ ನಿಮ್ಮ ಕಾರು ಏನು?

ನಾವು ಪ್ರೀತಿಯಿಂದ ಎಲ್ಲವನ್ನೂ ವಿಂಟೇಜ್ ಎನ್ನುತ್ತೇವೆ. ಕಾನೂನು ಹಾಗೆ ಎನ್ನುವುದಿಲ್ಲ. 2021ರ ಜುಲೈನಲ್ಲಿ ಸೇರಿಸಿದ 81ಎಯಿಂದ 81ಜಿವರೆಗಿನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ, ಚಾಸಿ (ಕಾರಿನ ಅಡಿಯ ಚೌಕಟ್ಟು), ಬಾಡಿ ಮತ್ತು ಎಂಜಿನ್ ಮೂಲರೂಪದಲ್ಲೇ ಇರುವ ವಾಹನ ಮಾತ್ರ ವಿಂಟೇಜ್. 1985ರ ಕಾಂಟೆಸ್ಸಾ ಎಷ್ಟೇ ಮಿರುಗಿದರೂ ಕಾನೂನಿಗೆ ಬರೀ ಹಳೆಯ ಕಾರು.

ಐವತ್ತು ದಾಟಿದವರು ವಿಂಟೇಜ್ ನೋಂದಣಿ ಪಡೆಯಬಹುದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಅದು ಹತ್ತು ವರ್ಷ ನಡೆಯುತ್ತದೆ; ಮರುನೋಂದಣಿಗೆ 5,000. ಹೊಸ ಸಂಖ್ಯೆಯಲ್ಲಿ ರಾಜ್ಯದ ಕೋಡಿನ ನಂತರ ವಿಎ ಎಂಬ ಎರಡಕ್ಷರ, ಆಮೇಲೆ ಎರಡಕ್ಷರದ ಸರಣಿ, ಕೊನೆಗೆ ನಾಲ್ಕು ಅಂಕಿ. ಈಗಾಗಲೇ ನೋಂದಣಿ ಇರುವ ಕಾರಿಗೆ ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳುವ ಅವಕಾಶವಿದೆ. ಹಳೆಯ ಮೂರಕ್ಷರದ ನಂಬರ್ ಇದ್ದವರು ಅದನ್ನು ಬಿಟ್ಟುಕೊಡಬೇಡಿ.

ಆದರೆ ಒಂದು ಮಾತು. ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ದುರಸ್ತಿ, ಇಷ್ಟಕ್ಕೇ ರಸ್ತೆಗಿಳಿಯಬಹುದು. ಭಾನುವಾರ ಬೆಳಿಗ್ಗೆ ಬಸವನಗುಡಿಗೆ ಮಸಾಲೆ ದೋಸೆ ತಿನ್ನಲು ಹೋಗುವುದು ಈ ಪಟ್ಟಿಯಲ್ಲಿಲ್ಲ. ಕಾರನ್ನು ನಿಜಕ್ಕೂ ಓಡಿಸುವ ಆಸೆ ಇದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗಿ ಎಂಬುದು ನನ್ನ ಸಲಹೆ. ನವೀಕರಣಕ್ಕೆ ನಮೂನೆ 25, ಅವಧಿ ಐದು ವರ್ಷ. ಶುಲ್ಕ ಕಾರಿನ ವಯಸ್ಸಿನ ಜೊತೆ ಏರುತ್ತದೆ, ಆಮದು ಕಾರಿಗೆ ಇನ್ನೂ ಹೆಚ್ಚು.

ಕೊಳ್ಳುವ ಹಂತದಲ್ಲಿರುವವರಿಗೆ ಇನ್ನೊಂದು ಕಿವಿಮಾತು. ಹೊರರಾಜ್ಯದ ಕಾರನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ಸಂಖ್ಯೆ ಪಡೆಯಬೇಕು. ಚೆನ್ನೈನ ಹಳೆಯ ನಂಬರಿಗೆ ಮನಸೋತು ಕಾರು ತಂದವರು ಕೊನೆಗೆ ಹೊಸ ಕೆಎ ನಂಬರ್ ಹಾಕಿಸಿಕೊಂಡು ಸಪ್ಪೆ ಮುಖ ಮಾಡಿದ್ದನ್ನು ಕಂಡಿದ್ದೇನೆ. ಮೈಸೂರಿನಿಂದಲೋ ಮಂಗಳೂರಿನಿಂದಲೋ ತಂದರೆ ಆ ತೊಂದರೆ ಇಲ್ಲ.

ಹಂತ 2: ಕಾಗದ ಮತ್ತು ಲೋಹ ಒಂದೇ ಮಾತನ್ನು ಹೇಳುತ್ತಿವೆಯೇ?

ಹೆಚ್ಚಿನವರು ಎಡವುವುದು ಇಲ್ಲಿಯೇ. ಎಚ್‌ಎಸ್‌ಆರ್‌ಪಿ ಕಾಯ್ದಿರಿಸಲು ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಕೊಟ್ಟಾಗ ಅವು ವಾಹನ್ ದಾಖಲೆಗೆ ಹೊಂದಬೇಕು. ಒಂದಂಕಿ ತಪ್ಪಿದರೂ ಮುಂದಕ್ಕೆ ಹೋಗದು.

ಬಾನೆಟ್ ಎತ್ತಿ. ಬಹಳಷ್ಟು ಹಳೆಯ ಕಾರುಗಳಲ್ಲಿ ಚಾಸಿ ಸಂಖ್ಯೆ ಎದುರಿಗೆ ಕಾಣುವ ಅಡ್ಡ ತಗಡಿನ ಮೇಲೆ, ಅಂದರೆ ಫೈರ್‌ವಾಲ್ ಮೇಲೆ ಇರುತ್ತದೆ. ಐದಾರು ಪದರ ಬಣ್ಣದಡಿ ಹೂತುಹೋಗಿರುತ್ತದೆ. ಮರಳು ಕಾಗದ ಹಚ್ಚಬೇಡಿ, ಅಂಕಿಯೇ ಸವೆದೀತು. ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ನಿಧಾನವಾಗಿ ಒರೆಸಿ, ತೆಳು ಬಿಳಿ ಕಾಗದವನ್ನು ಮೇಲಿಟ್ಟು ಪೆನ್ಸಿಲ್ ಸೀಸವನ್ನು ಅಡ್ಡಲಾಗಿ ಹಿಡಿದು ಉಜ್ಜಿ. ಅಂಕಿಗಳು ಬೂದುಬಣ್ಣದ ನಡುವೆ ಬೆಳ್ಳಗೆ ಏಳುತ್ತವೆ. 8 ಎಂದು ನೀವು ಇಷ್ಟು ವರ್ಷ ನಂಬಿದ್ದು 3 ಆಗಿರುವುದು ಆಗ ಗೊತ್ತಾಗುತ್ತದೆ. ಆರ್‌ಟಿಒದಲ್ಲೂ ಇಂಥದೇ ಪೆನ್ಸಿಲ್ ಅಚ್ಚು ಕೇಳುತ್ತಾರೆ, ಎರಡು ಮೂರು ಪ್ರತಿ ತೆಗೆದಿಡಿ.

ಎಂಜಿನ್ ಸಂಖ್ಯೆಯ ಕಥೆ ಇನ್ನೂ ತೊಡಕಿನದು. ಎಪ್ಪತ್ತು ಎಂಬತ್ತರ ದಶಕದ ಕಾರುಗಳಲ್ಲಿ ಎಂಜಿನ್ ಬದಲಾಗದೆ ಉಳಿದದ್ದು ಕಡಿಮೆ. ಪೆಟ್ರೋಲ್ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಹಾಕಿಸಿ ಆರ್‌ಸಿಯಲ್ಲಿ ಬರೆಸದೆ ಬಿಟ್ಟ ಕಾರುಗಳು ಬೇಕಾದಷ್ಟಿವೆ. ಇಂಥ ಬದಲಾವಣೆಯನ್ನು ಕಾಯ್ದೆಯ 52ನೇ ಕಲಮಿನಂತೆ ಆರ್‌ಸಿಯಲ್ಲಿ ದಾಖಲಿಸಲೇಬೇಕು. ಅದಿಲ್ಲದಿದ್ದರೆ ಫಲಕದ ಮಾತು ಹಾಗಿರಲಿ, ಅಪಘಾತವಾದಾಗ ವಿಮೆಯವರೂ ತಕರಾರು ತೆಗೆಯುತ್ತಾರೆ.

ಆಮೇಲೆ ಪರಿವಾಹನ್ ಜಾಲತಾಣದಲ್ಲಿ ನಿಮ್ಮ ಸಂಖ್ಯೆ ಹಾಕಿ ನೋಡಿ. ಮೂರಕ್ಷರದ ಹಳೆಯ ನಂಬರುಗಳಲ್ಲಿ ಎಷ್ಟೋ ಅಲ್ಲಿ ಕಾಣುವುದಿಲ್ಲ. ಕಾಣದಿದ್ದರೆ ನಿಮ್ಮ ಕಾರಿನ ಕಡತ ಇರುವ ಆರ್‌ಟಿಒಗೆ ಹೋಗಿ ಬ್ಯಾಕ್‌ಲಾಗ್ ಎಂಟ್ರಿಗೆ ಅರ್ಜಿ ಕೊಡಬೇಕು. ಮನೆಗೆ ಹತ್ತಿರದ ಕಚೇರಿಯೇ ಆಗಬೇಕೆಂದಿಲ್ಲ. ಜಯನಗರದಲ್ಲಿ ವಾಸವಿದ್ದರೂ ಕಡತ ರಾಜಾಜಿನಗರದಲ್ಲಿರಬಹುದು. ಮೂಲ ಆರ್‌ಸಿ ಪುಸ್ತಕ, ವಿಮೆ, ತೆರಿಗೆ ಕಟ್ಟಿದ ರಸೀದಿ, ವಿಳಾಸದ ದಾಖಲೆ, ಪೆನ್ಸಿಲ್ ಅಚ್ಚು, ಕಾರಿನ ನಾಲ್ಕೂ ಬದಿಯ ಫೋಟೊ ಒಯ್ಯಿರಿ. ಆರ್‌ಸಿ ಕಳೆದಿದ್ದರೆ ಮೊದಲು ಪೊಲೀಸ್ ದೂರು, ನಂತರ ನಮೂನೆ 26ರಲ್ಲಿ ನಕಲು ಪ್ರತಿಗೆ ಅರ್ಜಿ. ಕಾರು ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಇದ್ದರೆ ಹೆಸರು ಬದಲಾವಣೆಯನ್ನೂ ಈಗಲೇ ಮುಗಿಸಿ. ಈ ಹಂತಕ್ಕೆ ವಾರಗಳು ಬೇಕಾಗುತ್ತವೆ. ಮುಂದಿನ ಹಂತವನ್ನು ಅಷ್ಟರಲ್ಲಿ ಶುರುಮಾಡಬಹುದು.

ಹಂತ 3: ರಟ್ಟಿನ ಫಲಕ ಮಾಡಿ ಇಟ್ಟು ನೋಡಿ

ಕಾರಿನ ಎಚ್‌ಎಸ್‌ಆರ್‌ಪಿಗೆ ನಿಯಮದಲ್ಲಿ ಎರಡು ಅಳತೆಗಳಿವೆ ಎಂಬುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಒಂದು ಉದ್ದನೆಯದು, 500×120 ಮಿಲಿಮೀಟರ್. ಇನ್ನೊಂದು ಗಿಡ್ಡನೆಯದು, 340×200 ಮಿಲಿಮೀಟರ್, ಎರಡು ಸಾಲಿನದು. ಅಂಬಾಸಿಡರ್, ಪದ್ಮಿನಿ, ಮೋರಿಸ್, ಹೆರಾಲ್ಡ್ ಕಾಲದ ಕಾರುಗಳ ಹಿಂಬದಿಯ ಜಾಗ ಎರಡು ಸಾಲಿನ ಚೌಕ ಫಲಕವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ‘ಕೂರುತ್ತಿಲ್ಲ, ಕತ್ತರಿಸಲೇ?’ ಎಂದು ಕೇಳುವ ಹತ್ತರಲ್ಲಿ ಎಂಟು ಜನಕ್ಕೆ ಬೇಕಾದದ್ದು ಈ ಎರಡನೆಯ ಅಳತೆ, ಅಷ್ಟೇ.

ದಪ್ಪ ರಟ್ಟಿನಲ್ಲಿ ಎರಡೂ ಅಳತೆಯ ತುಂಡುಗಳನ್ನು ಕತ್ತರಿಸಿ, ಅಂಟುಪಟ್ಟಿಯಿಂದ ಕಾರಿಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಆಮೇಲೆ ಇವನ್ನು ಪರೀಕ್ಷಿಸಿ.

ಡಿಕ್ಕಿಯ ಬಾಗಿಲು ಪೂರ್ತಿ ತೆರೆಯುತ್ತದೆಯೇ? ಹಿಡಿಕೆ, ಕೀಲಿಯ ತೂತು ಮುಚ್ಚಿಹೋಗಿಲ್ಲ ತಾನೆ?

ಮುಂದೆ ಹ್ಯಾಂಡಲ್ ತೂರಿಸುವ ತೂತು ಎಲ್ಲಿದೆ? ಬ್ಯಾಟರಿ ಕೈಕೊಟ್ಟಾಗ ಕಬ್ಬಿಣದ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಬಂಪರಿನ ನಡುವೆ ಅದಕ್ಕೆಂದೇ ತೂತಿರುತ್ತದೆ. ಬಿಚ್ಚಲು ಬಾರದ ಫಲಕವನ್ನು ಅದರ ಮುಂದೆ ಕೂರಿಸಿದರೆ ಆ ಸೌಲಭ್ಯಕ್ಕೆ ಎಳ್ಳುನೀರು ಬಿಟ್ಟಂತೆ.

ಗ್ರಿಲ್ ಎಷ್ಟು ಮುಚ್ಚುತ್ತದೆ? ಉದ್ದನೆಯ ಫಲಕ 600 ಚದರ ಸೆಂಟಿಮೀಟರ್ ಜಾಗ ತಿನ್ನುತ್ತದೆ, ಗಿಡ್ಡನೆಯದು 680. ನಾನು ಮೊದಲ ಸಲ ನನ್ನ ಪದ್ಮಿನಿಗೆ ಗಿಡ್ಡನೆಯದನ್ನೇ ಅಂದ ನೋಡಿ ಗ್ರಿಲ್ ಮುಂದೆ ಕಟ್ಟಿಕೊಂಡೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಿಂತದ್ದೇ ತಡ, ತಾಪದ ಮುಳ್ಳು ಕೆಂಪಿಗೇರಿತು. ಮುಂದಕ್ಕೆ ಉದ್ದನೆಯದು, ಹಿಂದಕ್ಕೆ ಗಿಡ್ಡನೆಯದು ಎಂಬುದು ಅಂದಿನಿಂದ ನನ್ನ ನಿಲುವು.

ಹಾಗೆಂದು ಬಂಪರಿನ ಕೆಳಗೆ ತೀರಾ ಇಳಿಬಿಡಬೇಡಿ. ನಾಲ್ಕು ಜನರನ್ನು ಕೂರಿಸಿ ನಿಮ್ಮ ಬೀದಿಯ ಹಂಪನ್ನೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರನ್ನೋ ದಾಟಿಸಿ. ರಟ್ಟು ನೆಲಕ್ಕೆ ಉಜ್ಜಿದರೆ ನಾಳೆ ಫಲಕವೂ ಉಜ್ಜುತ್ತದೆ. ರಟ್ಟು ಹರಿದರೆ ನಷ್ಟವೇನಿಲ್ಲ.

ಹಂತ 4: ಕಾಯ್ದಿರಿಸುವುದು

ಇದು ಬೇಗ ಮುಗಿಯುವ ಕೆಲಸ. ರಾಜ್ಯ ಸಾರಿಗೆ ಇಲಾಖೆಯ ಜಾಲತಾಣ ಅಥವಾ ವಾಹನ ತಯಾರಕರ ಸಂಘವಾದ ಸಿಯಾಮ್‌ನ ಜಾಲತಾಣದ ಮೂಲಕವೇ ಒಳಹೋಗಿ. ತಯಾರಕರ ಹೆಸರು ಕೇಳಿದಾಗ ಅಂಬಾಸಿಡರ್ ಎಂದು ಹುಡುಕಬೇಡಿ, ಅದು ಮಾದರಿಯ ಹೆಸರು. ತಯಾರಕರು ಹಿಂದೂಸ್ತಾನ್ ಮೋಟಾರ್ಸ್. ಆರ್‌ಸಿಯಲ್ಲಿ ತಯಾರಕರ ಜಾಗದಲ್ಲಿ ಏನಿದೆಯೋ ಅದನ್ನೇ ಆರಿಸಿ. ಹಣವನ್ನು ಆನ್‌ಲೈನಿನಲ್ಲಿ ಮಾತ್ರ ಕಟ್ಟಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡಿಗೆ ದುಡ್ಡು ಕಳಿಸಿ ಮೋಸಹೋದವರು ಕಡಿಮೆ ಇಲ್ಲ. ಫಲಕ ಹಾಕುವ ಕೇಂದ್ರಕ್ಕೆ ಒಮ್ಮೆ ಫೋನ್ ಮಾಡಿ, ಹಿಂಬದಿಗೆ 340×200 ಬೇಕೆಂದು ಮೊದಲೇ ಹೇಳಿ ಖಚಿತಪಡಿಸಿಕೊಳ್ಳಿ. ಎರಡೂ ಉದ್ದನೆಯವೇ ತಯಾರಾಗಿ ಬಂದ ಮೇಲೆ ಜಗಳವಾಡಿ ಉಪಯೋಗವಿಲ್ಲ.

ರಸ್ತೆಬದಿಯಲ್ಲಿ ‘ಐಎನ್‌ಡಿ’ ಸ್ಟಿಕ್ಕರು, ಅಂಟಿಸುವ ಹಾಲೊಗ್ರಾಮ್ ಹಾಕಿ ಅರ್ಧ ಗಂಟೆಯಲ್ಲಿ ಮಾಡಿಕೊಡುವ ಫಲಕ ನೋಡಲು ಹಾಗೇ ಇರುತ್ತದೆ. ಅದರ ಲೇಸರ್ ಸಂಖ್ಯೆ ಯಾವ ದಾಖಲೆಯಲ್ಲೂ ಇರುವುದಿಲ್ಲ.

ಹಂತ 5: ಬ್ರಾಕೆಟ್

ಇಲ್ಲಿಗೆ ಸಮಯ ಕೊಡಿ. ತತ್ವ ಇಷ್ಟೇ: ಫಲಕ ಬ್ರಾಕೆಟ್ಟಿಗೆ ಸ್ನ್ಯಾಪ್ ಲಾಕಿನಿಂದ ಕಾಯಮ್ಮಾಗಿ ಸೇರಿಕೊಳ್ಳಬೇಕು, ಬ್ರಾಕೆಟ್ ಕಾರಿಗೆ ಬೋಲ್ಟಿನಿಂದ ಸೇರಬೇಕು, ಅದಕ್ಕೆ ಕಾರಿನಲ್ಲಿ ಈಗಾಗಲೇ ಇರುವ ತೂತುಗಳೇ ಸಾಕಾಗಬೇಕು. ಮುಂದೆಂದಾದರೂ ಬಂಪರನ್ನು ಕ್ರೋಮ್ ಮಾಡಿಸಲು ಬಿಚ್ಚಬೇಕಾದಾಗ ಲಾಕ್ ಮುರಿಯುವ ಪ್ರಮೇಯ ಬರುವುದಿಲ್ಲ.

ಹಿಂಬದಿಯದು ಸುಲಭ. ಎರಡು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಯಿಂದ 360×220ರ ಹಿಂತಗಡು ಕತ್ತರಿಸಿ, ಅಂದರೆ ಸುತ್ತ ಹತ್ತು ಮಿಲಿಮೀಟರ್ ಅಂಚು. ಮೂಲೆಗಳನ್ನು ಅರ ಹಾಕಿ ದುಂಡಾಗಿಸಿ, ಮಸಿಗಪ್ಪು ಬಣ್ಣ ಹೊಡೆಯಿರಿ. ಬಿಳಿ ಫಲಕದ ಸುತ್ತ ಆ ಕಪ್ಪು ಅಂಚು ಬಂದಾಗ ಹೊಸ ಫಲಕದ ಕಟುವಾದ ಹೊಳಪು ಅರ್ಧಕ್ಕರ್ಧ ಇಳಿಯುತ್ತದೆ. ಹಳೆಯ ಕಾರಿನ ಮೈಮೇಲೆ ಅದು ಹೊರಗಿನದೆಂದು ಅನ್ನಿಸುವುದಿಲ್ಲ. ಅಂಚು ಬರೀ ಸಾದಾ ಇರಲಿ. ಹೆಸರು, ಲಾಂಛನ, ಸಂಘದ ಚಿಹ್ನೆ ಯಾವುದೂ ಬೇಡ.

ಮುಂದಿನದಕ್ಕೆ ಕೈಚಳಕ ಬೇಕು. ಬಂಪರನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳನ್ನು ಹುಡುಕಿ. ಮೂರು ಮಿಲಿಮೀಟರ್ ದಪ್ಪ, ಇಪ್ಪತ್ತೈದು ಮಿಲಿಮೀಟರ್ ಅಗಲದ ಎರಡು ಉಕ್ಕಿನ ಪಟ್ಟಿಗಳನ್ನು ಆ ಬೋಲ್ಟುಗಳಡಿ ಕೊಟ್ಟು, ಬಂಪರಿನ ಕೆಳಗಿನಿಂದ ಬಳಸಿ ಮುಂದಕ್ಕೆ ತರಬೇಕು. ಅದರ ಮೇಲೆ ಹಿಂತಗಡು ನಿಲ್ಲುತ್ತದೆ. ಬಂಪರ್ ಬಾಗಿರುತ್ತದೆ, ಫಲಕ ನೆಟ್ಟಗಿರುತ್ತದೆ. ಫಲಕವನ್ನು ಬಂಪರಿನಂತೆ ಬಾಗಿಸುವ ಆಸೆ ಬಿಡಿ: ಹೊಳೆಯುವ ಹಾಳೆ ಸೀಳುತ್ತದೆ, ಓದಲೂ ಕಷ್ಟ. ಪಟ್ಟಿಗಳ ಉದ್ದವನ್ನೇ ಹೆಚ್ಚುಕಡಿಮೆ ಮಾಡಿ ಸರಿದೂಗಿಸಿ. ಪಟ್ಟಿ ಬಗ್ಗಿಸುವ ಮುನ್ನ ದಪ್ಪ ತಂತಿಯನ್ನು ಆ ಆಕಾರಕ್ಕೆ ಬಾಗಿಸಿ ಮಾದರಿ ಮಾಡಿಕೊಂಡು ವೆಲ್ಡಿಂಗ್ ಅಂಗಡಿಗೆ ಒಯ್ದರೆ ಬಾಯಿಮಾತಿನ ವಿವರಣೆ ಬೇಕಾಗುವುದಿಲ್ಲ.

ಪಟ್ಟಿ ಕ್ರೋಮಿಗೆ ತಾಗುವ ಕಡೆಗಳಲ್ಲೆಲ್ಲ ಹಳೆಯ ಸೈಕಲ್ ಟ್ಯೂಬಿನ ತುಂಡು ಕೊಡಿ. ಅಲ್ಯೂಮಿನಿಯಂ ಉಕ್ಕಿಗೆ ನೇರವಾಗಿ ತಾಗಿ ಮಳೆಯಲ್ಲಿ ನೆನೆದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ, ಹಾಗಾಗಿ ನಡುವೆ ನೈಲಾನ್ ವಾಷರ್. ಬೋಲ್ಟು ಆರು ಮಿಲಿಮೀಟರಿನ ಸ್ಟೇನ್‌ಲೆಸ್, ನಟ್ಟು ಒಳಗೆ ನೈಲಾನ್ ಬಳೆ ಇರುವ ಬಗೆಯದು. ಹಳೆಯ ಎಂಜಿನ್ನಿನ ನಡುಕಕ್ಕೆ ಸಾಮಾನ್ಯ ನಟ್ಟು ತಿಂಗಳಲ್ಲಿ ಸಡಿಲ. ಬೋಲ್ಟು ತಗಡು ಎಲ್ಲ ಬೆಂಗಳೂರಿನ ಎಸ್‌ಪಿ ರಸ್ತೆ, ಎನ್‌ಆರ್ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಹಳೆಯ ಮೂಲ ಬ್ರಾಕೆಟ್ಟೇ ಬೇಕೆಂದರೆ ಶಿವಾಜಿನಗರದ ಗುಜರಿಯಲ್ಲಿ ಒಂದು ಬೆಳಗ್ಗೆ ಕಳೆಯಿರಿ.

ಕೀಲು ಹಾಕಿ ಮಡಚುವಂತೆ, ಕ್ಷಣದಲ್ಲಿ ಕಳಚುವಂತೆ ಬ್ರಾಕೆಟ್ ಮಾಡಿಸಬೇಡಿ. ಉದ್ದೇಶ ಹ್ಯಾಂಡಲ್ ತೂತಿನದೇ ಆಗಿದ್ದರೂ ನೋಡಿದವರಿಗೆ ಬೇರೆ ಅರ್ಥ ಹೊಳೆಯುತ್ತದೆ.

ಹಂತ 6: ಕೂರಿಸುವ ದಿನ, ಮತ್ತು ಹಿಂದಿನ ದೀಪ

ಬ್ರಾಕೆಟ್ಟುಗಳನ್ನು ಕಾರಿಗೆ ಮೊದಲೇ ಬಿಗಿದುಕೊಂಡು ಕೇಂದ್ರಕ್ಕೆ ಹೋಗಿ. ಅಲ್ಲಿಯ ಹುಡುಗರಿಗೆ ದಿನಕ್ಕೆ ಹತ್ತಾರು ಹೊಸ ಕಾರು ನೋಡಿ ರೂಢಿ. ನಿಮ್ಮ ಕಾರನ್ನು ಕಂಡ ತಕ್ಷಣ ಡ್ರಿಲ್ ಕೈಗೆತ್ತಿಕೊಳ್ಳುತ್ತಾರೆ. ಪಕ್ಕದಲ್ಲೇ ನಿಂತು, ತೂತು ಹಿಂತಗಡಿಗೆ ಮಾತ್ರ, ಕಾರಿನ ಮೈಗೆ ಬೇಡ ಎಂದು ಮೊದಲೇ ಹೇಳಿ. ತಗಡಿನ ಹಿಂದೆ ಲಾಕಿನ ಮೂತಿ ಹೊರಬರಲು ಜಾಗ ಇರಬೇಕು, ಹದಿನೈದು ಮಿಲಿಮೀಟರ್ ಬಿಟ್ಟಿದ್ದರೆ ನೆಮ್ಮದಿ. ಲಾಕ್ ಒತ್ತುವ ಮುನ್ನ ಫಲಕದ ಸಂಖ್ಯೆಯನ್ನು ಆರ್‌ಸಿ ಜೊತೆ ಅಕ್ಷರಕ್ಕಕ್ಷರ ತಾಳೆ ನೋಡಿ. ಒತ್ತಿದ ಮೇಲೆ ಮುಗಿಯಿತು.

ಮನೆಗೆ ಬಂದು ಕತ್ತಲಾದ ಮೇಲೆ ಹಿಂದಿನ ದೀಪ ಹಚ್ಚಿ. ಹದಿನೈದು ಮೀಟರ್ ದೂರದಿಂದ, ಎಂದರೆ ಸುಮಾರು ಇಪ್ಪತ್ತು ಹೆಜ್ಜೆಯಿಂದ, ಸಂಖ್ಯೆ ಓದಲು ಬರಬೇಕು. ದೀಪ ಉರಿಯದೆ ಇದ್ದರೆ ಗಾಬರಿಯಾಗಬೇಡಿ, ಇದಕ್ಕೆ ಬಹುಮಟ್ಟಿಗೆ ನೀವು ಹಾಕಿದ ರಬ್ಬರ್ ಮತ್ತು ಬಣ್ಣವೇ ಕಾರಣ. ಹಳೆಯ ಕಾರುಗಳಲ್ಲಿ ಆ ದೀಪಕ್ಕೆ ಒಂದೇ ತಂತಿ ಬರುತ್ತದೆ, ವಿದ್ಯುತ್ ಮರಳುವ ದಾರಿ, ಅಂದರೆ ಅರ್ಥಿಂಗ್, ಬಾಡಿಯ ಮೂಲಕವೇ. ದೀಪದ ಗೂಡು ಬ್ರಾಕೆಟ್ಟಿನ ಮೇಲೆ ಕುಳಿತು, ಬ್ರಾಕೆಟ್ ರಬ್ಬರಿನ ಮೇಲೆ ಕುಳಿತರೆ ದಾರಿ ಮುಚ್ಚಿತು. ಗೂಡಿನಿಂದ ಡಿಕ್ಕಿಯ ಒಳಗಿನ ಯಾವುದಾದರೂ ಬೋಲ್ಟಿಗೆ ಪ್ರತ್ಯೇಕವಾಗಿ ಒಂದು ತಂತಿ ಎಳೆಯಿರಿ, ಬೋಲ್ಟಿನಡಿಯ ಬಣ್ಣ ಕೆರೆದಿರಲಿ. ಬಲ್ಬು 5 ವಾಟಿನದೇ ಸಾಕು, ಬೆಳಕು ಬಿಳಿಯೇ ಇರಬೇಕು. ಹೊಸ ಹಾಳೆ ತಾನೇ ಹೊಳೆಯುವುದರಿಂದ ಜೋರು ಎಲ್‌ಇಡಿ ಹಾಕಿದರೆ ಅಕ್ಷರಗಳೇ ಮಸುಕಾಗುತ್ತವೆ. ಐವತ್ತರ ದಶಕದ ಕಾರಾದರೆ ಬಲ್ಬು ಕೊಳ್ಳುವ ಮುನ್ನ ಬ್ಯಾಟರಿ 6 ವೋಲ್ಟಿನದೋ 12 ವೋಲ್ಟಿನದೋ, ಕಾರಿನ ಮೈಗೆ ಸೇರಿದ ತುದಿ ಧನವೋ ಋಣವೋ ನೋಡಿಕೊಳ್ಳಿ. ಎಲ್‌ಇಡಿ ತಿರುಗುಮುರುಗಾದರೆ ಉರಿಯುವುದಿಲ್ಲ.

ಕ್ರೋಮ್ ಉಜ್ಜುವ ಪಾಲಿಷನ್ನು ಫಲಕಕ್ಕೆ ಹಚ್ಚಬೇಡಿ. ಕಪ್ಪು ಅಕ್ಷರ ಬಣ್ಣವಲ್ಲ, ಬಿಸಿಯಲ್ಲಿ ಒತ್ತಿದ ತೆಳು ಪೊರೆ, ಉಜ್ಜಿದರೆ ಎದ್ದುಹೋಗುತ್ತದೆ. ಸಾಬೂನು ನೀರು, ಮೆತ್ತನೆ ಬಟ್ಟೆ ಸಾಕು. ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.

ಹಂತ 7: ಕಪ್ಪು ಫಲಕ ಪ್ರದರ್ಶನಕ್ಕೆ

ಆಸೆಯನ್ನು ಪೂರ್ತಿ ಕೊಲ್ಲಬೇಕಾಗಿಲ್ಲ. ಜೆ.ಸಿ. ರಸ್ತೆಯ ಕಡೆ ಇಂದಿಗೂ ಕೈಯಲ್ಲೇ ಕುಂಚ ಹಿಡಿದು ನಂಬರ್ ಬರೆಯುವವರು ಸಿಗುತ್ತಾರೆ. ಅಕ್ಷರದ ಎತ್ತರ 65 ಮಿಲಿಮೀಟರ್, ಗೆರೆಯ ದಪ್ಪ 10, ನಡುವಿನ ಅಂತರ 10 ಎಂದು ಚೀಟಿಯಲ್ಲಿ ಬರೆದುಕೊಡಿ. ಕಾರಿಗೆ ನಿಯಮ 51 ಹೇಳುವ ಅಳತೆ ಅದೇ, ನೋಡಲೂ ಅದೇ ಚಂದ. ಕಪ್ಪು ಎನಾಮೆಲ್ ಎರಡು ಕೈ ಹೊಡೆದು ಒಣಗಿದ ಮೇಲೆ ಬಿಳಿ ಬರೆಸಿ. ನಿಮ್ಮ ಬಳಿ ಮೂಲ ಫಲಕವೇ ಇದ್ದರೆ ಅದನ್ನು ಮತ್ತೆ ಬರೆಸಬೇಡಿ. ಬಿರುಕುಬಿಟ್ಟ ಆ ಅಕ್ಷರಗಳಿಗೆ ಬೆಲೆ ಹೆಚ್ಚು.

ಈ ಫಲಕದ ಮೇಲಂಚಿಗೆ ಎರಡು ಕೊಕ್ಕೆ ಹಾಕಿಸಿ. ಪ್ರದರ್ಶನದ ಮೈದಾನದೊಳಗೆ ಕಾರು ನಿಂತ ಮೇಲೆ ಅದನ್ನು ಹಿಂತಗಡಿನ ಅಂಚಿಗೆ ತಗುಲಿಹಾಕಿ. ಅಯಸ್ಕಾಂತದ ಹಾಳೆ ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ, ಹಾಗಾಗಿ ಕೊಕ್ಕೆಯೇ ಗತಿ. ರ‍್ಯಾಲಿ ಸಾರ್ವಜನಿಕ ರಸ್ತೆಯಲ್ಲಿ ಸಾಗುವುದಾದರೆ ತೂಗುಹಾಕಬೇಡಿ, ನಿಯಮದ ಫಲಕವೇ ಕಾಣುತ್ತಿರಬೇಕು. ಸಂಜೆ ಹೊರಡುವಾಗ ಮರೆಯುವುದು ತೀರಾ ಸಹಜ. ಕಪ್ಪು ಫಲಕ ತಗುಲಿಸಿದಾಗಲೆಲ್ಲ ನಾನು ಸ್ಟೀರಿಂಗಿಗೆ ಒಂದು ಕೆಂಪು ದಾರ ಕಟ್ಟುತ್ತೇನೆ, ಫಲಕ ತೆಗೆದ ಮೇಲೆಯೇ ದಾರ ಬಿಚ್ಚುವುದು.

ಉಳಿದದ್ದು ಗಾಜಿನ ಸ್ಟಿಕ್ಕರು

ಎರಡು ಫಲಕದ ಜೊತೆ ಮೂರನೆಯದಾಗಿ ಒಂದು ಸ್ಟಿಕ್ಕರು ಕೊಡುತ್ತಾರೆ. ಮುಂದಿನ ಗಾಜಿನ ಒಳಬದಿಯಲ್ಲಿ, ಎಡ ಮೇಲ್ಮೂಲೆಗೆ ಅಂಟಿಸಬೇಕು. ಪೆಟ್ರೋಲಿಗೆ ತಿಳಿನೀಲಿ, ಡೀಸೆಲಿಗೆ ಕಿತ್ತಳೆ. ಎಂಜಿನ್ ಬದಲಿಸಿ ಆರ್‌ಸಿಯಲ್ಲಿ ಬರೆಸದವರ ಗುಟ್ಟು ಇಲ್ಲಿ ಬಯಲಾಗುತ್ತದೆ: ಡೀಸೆಲ್ ಹೊಗೆ ಉಗುಳುವ ಕಾರಿನ ಗಾಜಿಗೆ ನೀಲಿ ಸ್ಟಿಕ್ಕರು. ಅಂಥವರು ಎರಡನೆಯ ಹಂತಕ್ಕೆ ಮರಳಿ ಹೋಗಬೇಕು. ಕಿತ್ತರೆ ಹರಿಯುವಂತೆ ಇದನ್ನು ಮಾಡಿರುತ್ತಾರೆ. ಆದ್ದರಿಂದ ಗೀರುಬಿದ್ದ ಮುಂಗಾಜನ್ನೋ ಅದರ ಸುತ್ತಲಿನ ರಬ್ಬರನ್ನೋ ಬದಲಿಸುವ ಯೋಚನೆ ಇದ್ದರೆ ಆ ಕೆಲಸವನ್ನು ಮೊದಲು ಮುಗಿಸಿ, ಸ್ಟಿಕ್ಕರನ್ನು ಆಮೇಲೆ ಅಂಟಿಸಿ.